ಹೊಲದಲ್ಲಿ ಛತ್ರಿ ಬಿಚ್ಚದ ಮೇಡಂ

ಹೋದ ಮೇ ತಿಂಗಳಲ್ಲಿ ನಮ್ಮ ಮೇಡಂ ತೀರಿಕೊಂಡರು. ಹೈದರಾಬಾದಿನ ಉಪ್ಪಲ್‌ನಿಂದ ಮೆಟ್ರೋ ಹಿಡಿದು, ಇಳಿದು, ಆಟೋದವನ ಜೊತೆ ಜಗಳವಾಡಿ ನಾನು ಕಾಚಿಗೂಡದ ಅವರ ಮನೆ ಮುಟ್ಟುವಷ್ಟರಲ್ಲಿ ಅವರನ್ನು ಅಂಗಳಕ್ಕೆ ತಂದು ಮಲಗಿಸಿಯಾಗಿತ್ತು. ಸ್ಮಶಾನಕ್ಕೆ ಒಯ್ಯುವ ಗಾಡಿ ಬರುವುದು ತಡವಾಯಿತು. ಅಷ್ಟರಲ್ಲಿ ಬೇವಿನ ಮರದ ನೆರಳು ಸರಿದು, ಬಿಸಿಲು ಅವರ ಪಾದದಿಂದ ಮೇಲೇರತೊಡಗಿತು. ಬಂದ ಮಂದಿಯೆಲ್ಲ ನೆರಳು ಹುಡುಕಿಕೊಂಡು ಗೋಡೆಯ ಬದಿಗೆ ಸರಿದರು. ಬಿಸಿಲಲ್ಲಿ ಉಳಿದವರು ಮೇಡಂ ಒಬ್ಬರೇ. ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದ ಅವರ ಕರಿ ಛತ್ರಿ ತಂದು ಬಿಚ್ಚಿ, ಅವರ ಮುಖದ ಮೇಲೆ ಹಿಡಿದು ನಿಂತೆ.

ಮಂದಿ ನೋಡಿದರು. ಮೇಡಂ ಅವರ ತಂಗಿಯ ಮಗಳು ಹತ್ತಿರ ಬಂದು, “ಏನ್ ಮಾಡಾಕತ್ತೀರಿ ಆಂಟಿ? ಅವರಿಗೆ ಈಗ ಬಿಸಲೇನು, ನೆರಳೇನು?” ಎಂದಳು. ಮಾತು ಸುಳ್ಳಲ್ಲ. ಆದರೆ ಅಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸುವಂಥ ಸಂಗತಿಯಲ್ಲ ಅದು. ಹೇಳಲು ಬಾಯಿ ತೆರೆದಿದ್ದರೆ ಅಳುವೇ ಬರುತ್ತಿತ್ತು. ಅದಕ್ಕೇ ಈಗ ಬರೆಯುತ್ತಿದ್ದೇನೆ, ಆ ಹುಡುಗಿ ಓದಲಿ ಎಂದು.

ನಮ್ಮ ಮೇಡಂ ಹೊಲದಲ್ಲಿ ಛತ್ರಿ ಬಿಚ್ಚಿದವರಲ್ಲ. ಬೇರೆಯವರಿಗೂ ಬಿಚ್ಚಗೊಡುತ್ತಿರಲಿಲ್ಲ. ಹೈದರಾಬಾದಿನ ಹೊರಗೆ ಬೆಳೆಗಳ ಸಂಶೋಧನೆ ಮಾಡುವ ಒಂದು ಸಂಸ್ಥೆಯಲ್ಲಿ ಅವರು ವಿಜ್ಞಾನಿ, ನಾನು ಅವರ ಸಹಾಯಕಿ. ಅವರ ಬೆಳೆ ಕಡಲೆ. ಕಡಲೆ ಎಂದರೆ ಚಳಿಯ ಬೆಳೆ ಎಂದು ನಮ್ಮ ಕಡೆ ಕೂಸಿಗೂ ಗೊತ್ತು. ದೀಪಾವಳಿಯ ಆಸುಪಾಸಿನಲ್ಲಿ ಬಿತ್ತುತ್ತಾರೆ, ಚಳಿ ಇಬ್ಬನಿ ಕುಡಿದು ಅದು ಕಾಯಿ ಕಟ್ಟುತ್ತದೆ. ನಮ್ಮ ಮೇಡಂ ಬಿತ್ತುತ್ತಿದ್ದದ್ದು ಸಂಕ್ರಾಂತಿ ಕಳೆದ ಮೇಲೆ! ಊರಿನ ರೈತರು ಕಡಲೆ ಕಿತ್ತು ರಾಶಿ ಮಾಡುವ ಹೊತ್ತಿಗೆ ನಮ್ಮ ಹೊಲದಲ್ಲಿ ಮೊಳಕೆ ಏಳುತ್ತಿತ್ತು. ಯುಗಾದಿಯ ಕೆಂಡದಂಥ ಬಿಸಿಲಿಗೆ ಸರಿಯಾಗಿ ಹೂ ಬಿಡಲಿ ಎಂದು ಬೇಕೆಂದೇ ಮಾಡುತ್ತಿದ್ದ ತಡ ಅದು. ಪಕ್ಕದ ಹೊಲದ ಮುದುಕನೊಬ್ಬ ಕಾಂಪೌಂಡಿನ ಮೇಲಿಂದ ಇಣುಕಿ, ಇಷ್ಟು ಓದಿದವರಿಗೆ ಬಿತ್ತುವ ಕಾಲ ತಿಳಿಯುವುದಿಲ್ಲವೇ ಎಂದು ತೆಲುಗಿನಲ್ಲಿ ನಮ್ಮನ್ನು ವರ್ಷವರ್ಷವೂ ಬೈದುಕೊಳ್ಳುತ್ತಿದ್ದ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೊಸ ಬಣ್ಣದ ಛತ್ರಿ ಹಿಡಿದು ಹೊಲಕ್ಕಿಳಿದೆ. ಮೇಡಂ ಎರಡು ಸಾಲು ಆಚೆಯಿಂದಲೇ ಕೂಗಿದರು.

“ಏ ತಂಗಿ, ಛತ್ರಿ ಮುಚ್ಚು!”

“ಬಿಸಲ್ರಿ ಮೇಡಂ.”

“ಬಿಸಲ ಬೇಕಂತನ ಇಲ್ಲಿ ನಿಂತೀವಿ. ನಿನ್ನ ನೆರಳು ಗಿಡದ ಮ್ಯಾಲೆ ಬೀಳಾಕತ್ತೈತಿ. ನೆರಳಾಗಿನ ಗಿಡ ಸುಳ್ಳು ಹೇಳ್ತೈತಿ.”

ಇದು ಅವರ ಮಂತ್ರ. ಕೂಲಿಗೆ ಬರುವ ತೆಲುಗು ಹೆಂಗಸರಿಗೂ “ನೀಡ ವದ್ದಮ್ಮಾ, ನೀಡ ವದ್ದು” ಎಂದು ಅದನ್ನೇ ಹೇಳುತ್ತಿದ್ದರು, ನೆರಳು ಬೇಡಮ್ಮಾ ಎಂದು. ಅವರೆಲ್ಲ ಗಿಡದಿಂದ ಮೊಳ ದೂರ ನಿಂತು ಕೈ ಚಾಚಿ ಕಳೆ ಕೀಳುತ್ತಿದ್ದರು. ಮೇಡಂ ಸ್ವತಃ ತಲೆಗೆ ಒದ್ದೆ ಪಂಚೆ ಸುತ್ತಿಕೊಂಡು, ತಮ್ಮ ನೆರಳು ಎತ್ತ ಬೀಳುತ್ತದೆ ಎಂದು ನೋಡಿ ನೋಡಿ ಕಾಲಿಡುತ್ತಿದ್ದರು. ನಮ್ಮ ವಿಜಾಪುರದ ಹೆಣ್ಣುಮಗಳು, ಬಿಸಿಲಿಗೆ ಹೆದರುವ ಪೈಕಿಯಲ್ಲ. ಆದರೂ ಮುಖ ಸುಟ್ಟು ಕಪ್ಪಾಗಿ, ಮೂಗಿನ ಮೇಲೆ ಸಿಪ್ಪೆ ಏಳುತ್ತಿತ್ತು. ಅವರ ಕೈಚೀಲದ ತುಂಬ ಬಣ್ಣಬಣ್ಣದ ಉಣ್ಣೆ ದಾರದ ತುಂಡುಗಳು. ಗಮನಿಸಬೇಕಾದ ಗಿಡಗಳಿಗೆ ಗುರುತಿಗೆ ಕಟ್ಟಲು. ಬಸ್ಸಿನಲ್ಲಿ ಟಿಕೆಟ್ಟಿನ ಚಿಲ್ಲರೆ ತೆಗೆಯುವಾಗ ಆ ದಾರಗಳು ಉದುರಿ, ಕಂಡಕ್ಟರ್ ಸ್ವೆಟರ್ ಹೆಣೀತೀರಾ ಅಮ್ಮಾ ಎಂದು ಕೇಳುತ್ತಿದ್ದ. “ಹೌದಪ್ಪಾ, ಕಡ್ಲಿಗೆ ಒಂದು ಸ್ವೆಟರ್” ಎನ್ನುವರು, ನಗದೆ.

ಅವರು ಪಾಠ ಹೇಳುವ ರೀತಿ ನನಗೆ ಭಾಳ ಸೇರುತ್ತಿತ್ತು. ಗಿಡ ಬಿಸಿಲನ್ನು ಹೇಗೆ ತಾಳುತ್ತದೆ ಎಂದು ನಾನು ಪುಸ್ತಕದಲ್ಲಿ ಓದಿ ಪಾಸಾಗಿದ್ದೆ, ತಿಳಿದಿರಲಿಲ್ಲ. ಒಂದು ದಿನ ಕ್ಯಾಂಟೀನಿನಲ್ಲಿ ಹಾಲು ಒಡೆದು ಚಹಾ ಕೆಟ್ಟಿತು. ಎಲ್ಲರೂ ಮಾಣಿಯನ್ನು ಬೈಯುತ್ತಿದ್ದರೆ ಮೇಡಂ ಲೋಟವನ್ನು ನನ್ನ ಮುಂದೆ ಹಿಡಿದರು.

“ನೋಡಿಲ್ಲಿ. ಹಾಲು ಒಡೀತಲ್ಲ, ಹಿಂಗ ಬಿಸಲಿಗೆ ಗಿಡದ ಒಳಗಿನ ಪ್ರೋಟೀನ್ ಒಡೀತಾವ. ಅವು ಒಡೀದಂಗ ಹಿಡಕೊಂಡು ನಿಲ್ಲೋ ಬ್ಯಾರೆ ಪ್ರೋಟೀನ್ ಗಿಡ ತಾನ ತಯಾರ್ ಮಾಡ್ತೈತಿ. ಕಾವಲಿನಾವು. ಆದ್ರ ಅದಕ್ಕ ಜರಾ ಮೊದಲ ಸುದ್ದಿ ಮುಟ್ಟಬೇಕು. ಸಣ್ಣ ಬಿಸಿ ತಾಗಿದ ಗಿಡ ಮುಂದ ದೊಡ್ಡ ಬಿಸಿ ತಾಳ್ತೈತಿ. ಒಮ್ಮಿಗೇ ಬೆಂಕ್ಯಾಗ ಹಾಕಿದ್ರ ಹೋತು.”

ಆಮೇಲೆ ಚಹಾ ಚೆಲ್ಲಿ, “ನೀ ಬಂದ ಮೊದಲ ವಾರ ನಾ ನಿನಗ ಸಣ್ಣ ಸಣ್ಣ ಮಾತಿಗೆ ಬೈತಿದ್ನಲ್ಲ, ಯಾಕಂತ ಮಾಡೀ?” ಎಂದರು. ನಿಜ, ಅನಂತರದ ವರ್ಷಗಳಲ್ಲಿ ಅವರಿಂದ ತಿಂದ ಬೈಗಳನ್ನು ನಾನು ತಾಳಿಕೊಂಡೆ. ಬೇರೆ ವಿಭಾಗದಿಂದ ನೇರವಾಗಿ ಬಂದವರು ತಾಳಲಿಲ್ಲ, ವರ್ಗ ಕೇಳಿಕೊಂಡು ಓಡಿದರು.

ಬಿಸಿಲಿಗೆ ಮೊದಲು ಸಾಯುವುದು ಹೂವಿನೊಳಗಿನ ಪರಾಗ ಎಂದು ಕಲಿಸಿದ್ದೂ ಅವರೇ. ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಬಣ್ಣ ಹಾಕಿದ ಮೇಲೆ ಜೀವವಿರುವ ಪರಾಗ ಕೆಂಪಗೆ ದುಂಡಗೆ ಕಾಣುತ್ತದೆ. ಸತ್ತದ್ದು ಬಿಳಿಚಿಕೊಂಡು ಸುಕ್ಕಾಗಿರುತ್ತದೆ. ಹಿಂದೆ ನಮ್ಮ ವಿಭಾಗದ ಮುಖ್ಯಸ್ಥರು ನಿಂತಿದ್ದರು. ಗುಂಟೂರಿನ ಕಡೆಯ ಸಂಭಾವಿತ ಮನುಷ್ಯ, ಏರ್‌ಕಂಡೀಶನ್ ಕೋಣೆ ಬಿಟ್ಟು ಹೊಲಕ್ಕೆ ಬರಲು ಅವರಿಗೆ ಮನಸ್ಸೇ ಬರುತ್ತಿರಲಿಲ್ಲ. ಮೇಡಂ ತಿರುಗಿಯೂ ನೋಡದೆ, “ಬಿಸಲಿಗೆ ಮೊದಲ ಸೋಲೋದು ಗಂಡು ಭಾಗ ನೋಡವಾ. ಹೆಣ್ಣಿನ ಭಾಗ ಇನ್ನೂ ಒಂದಿಷ್ಟು ತಡಕೊಳ್ತೈತಿ. ಇದು ನನ್ನ ಮಾತಲ್ಲ, ಪ್ರಯೋಗದ ಮಾತು” ಎಂದರು. ಮುಖ್ಯಸ್ಥರಿಗೆ ಅಷ್ಟು ಕನ್ನಡ ತಿಳಿಯುತ್ತಿತ್ತು. ಅವರೂ ನಕ್ಕರು.

ಪರಾಗ ಸತ್ತರೆ ಹೂ ಉದುರುತ್ತದೆ. ಹೇಗೋ ಬದುಕಿ ಕಾಯಿ ಕಟ್ಟಿದರೂ ಒಳಗೆ ಕಾಳು ತುಂಬದೆ ಜೊಳ್ಳಾಗುತ್ತದೆ. ಬಿಸಿಲು ಮಿತಿಮೀರಿದರೆ ಗಿಡ ಹತ್ತು ಕಾಯಿ ಕೈಬಿಟ್ಟು ಒಂದೆರಡನ್ನಾದರೂ ಉಳಿಸಿಕೊಳ್ಳಲು ಒದ್ದಾಡುತ್ತದೆ. ಅಂಥ ಬಿಸಿಲಿನಲ್ಲೂ ಹೂ ಉದುರಿಸದೆ ತುಂಬು ಕಾಳು ಕಟ್ಟುವ ಒಂದು ಕಡಲೆ ಗಿಡ ಮೇಡಂ ಅವರಿಗೆ ಬೇಕಿತ್ತು. ಚಳಿಗಾಲ ವರ್ಷ ವರ್ಷ ಗಿಡ್ಡಾಗುತ್ತಿದೆ, ಭತ್ತ ಕೊಯ್ದು ತಡವಾಗಿ ಕಡಲೆ ಬಿತ್ತುವ ರೈತ ಜೊಳ್ಳು ಬಡಿದುಕೊಂಡು ಕೂರುತ್ತಾನೆ ಎನ್ನುತ್ತಿದ್ದರು. ಅಷ್ಟೇ ಅವರ ಆಸೆ. ಅದಕ್ಕಾಗಿ ನೌಕರಿಯ ಆಯುಷ್ಯವನ್ನೆಲ್ಲ ಬಿಸಿಲಲ್ಲಿ ಕಳೆದರು, ತಳಿಗೆ ತಳಿ ಕೂಡಿಸಿ, ಬಿತ್ತಿ, ಉದುರಿದ ಹೂ ಆರಿಸಿ, ಮತ್ತೆ ಬಿತ್ತಿ.

ಆಗ ಹೈದರಾಬಾದಿಗೆ ಕಂಪ್ಯೂಟರ್ ಜ್ವರ ಬಂದ ಕಾಲ. ಅಮೀರ್‌ಪೇಟೆಯ ಗೋಡೆಗಳೆಲ್ಲ ಕೋರ್ಸುಗಳ ಪೋಸ್ಟರು. ಬಸ್ಸಿನಲ್ಲಿ ಕೂತವರೆಲ್ಲ ನಾನು ಕೇಳದ ಭಾಷೆಗಳ ಹೆಸರು ಹೇಳುತ್ತಿದ್ದರು. ಬಾಲಾನಗರದ ಕಾರ್ಖಾನೆಯಲ್ಲಿದ್ದ ನನ್ನ ಮೈದುನ ಊಟಕ್ಕೆ ಕೂತಾಗಲೆಲ್ಲ, “ವೈನಿ, ಗಿಡಾ ನೋಡಿ ನೋಡಿ ಏನ್ ಕಡದು ಕಟ್ಟಿ ಹಾಕ್ತೀರಿ? ಕಂಪ್ಯೂಟರ್ ಕಲೀರಿ” ಎಂದು ಪೀಡಿಸುತ್ತಿದ್ದ. ಸೇರಿಯೇ ಬಿಟ್ಟೆ, ಸಂಜೆಯ ಕ್ಲಾಸಿಗೆ. ಹೆದರುತ್ತಲೇ ಮೇಡಂಗೆ ಹೇಳಿದರೆ, “ಛಲೋ ಆತು, ನಮ್ಮ ಉದುರಿದ ಹೂವಿನ ಲೆಕ್ಕಾ ಅದರಾಗ ಹಾಕು” ಎಂದರು. ಹಾಕಿದೆ. ಕಲಿತ ವಿದ್ಯೆ ಅಲ್ಲಿಗೇ ಮುಗಿಯಿತು.

ನಮ್ಮ ಕಾಂಪೌಂಡಿನ ಆಚೆ ಗಾಜಿನ ಕಟ್ಟಡಗಳು ಎದ್ದವು. ಒಂದು ಕಟ್ಟಡದ ಗಾಜಿಗೆ ಬಿದ್ದ ಮಧ್ಯಾಹ್ನದ ಬಿಸಿಲು ಪುಟಿದು ಬಂದು ನಮ್ಮ ಹೊಲದ ಒಂದು ಮೂಲೆಗೆ ಸುರಿಯತೊಡಗಿತು. ಮೇಡಂ ಮಣ್ಣಿನ ಚಪ್ಪಲಿಯಲ್ಲೇ ಆ ಕಟ್ಟಡಕ್ಕೆ ನಡೆದರು, ಹಿಂದೆ ನಾನು. ಫಳಫಳ ಹೊಳೆಯುವ ನೆಲ, ಕೌಂಟರಿನಲ್ಲಿ ಚೆಂದದ ಹುಡುಗಿ. ಮೇಡಂ ಹಿಂದಿಯಲ್ಲಿ ಹೇಳಿದರು: “ನಿಮ್ಮ ಗಾಜಿನ ಬಿಸಿಲು ನನ್ನ ಒಂದೇ ಮೂಲೆಗೆ ಬೀಳುತ್ತಿದೆ. ಬೀಳಿಸುವುದಾದರೆ ಇಡೀ ಹೊಲಕ್ಕೆ ಬೀಳಿಸಿ, ಇಲ್ಲವಾದರೆ ಪರದೆ ಹಾಕಿ. ಒಬ್ಬರಿಗೊಂದು ಒಬ್ಬರಿಗೊಂದು ಮಾಡಬಾರದು.” ಆ ಹುಡುಗಿ ನೌಕರಿಗೆ ಬಂದಿದ್ದೀರಾ ಎಂದು ಕೇಳಿದಳು. ನಾನು ಲಿಫ್ಟಿನ ಪಕ್ಕ ನಿಂತು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕೆ. ಪರದೆಯೇನೂ ಬರಲಿಲ್ಲ. ಮೇಡಂ ಆ ಮೂಲೆಯ ಗಿಡಗಳನ್ನು ಲೆಕ್ಕದಿಂದಲೇ ಕೈಬಿಟ್ಟರು.

ಅವರ ನೌಕರಿಯ ಕೊನೆಯ ಬೇಸಿಗೆಗೆ ಬರುತ್ತೇನೆ. ಆ ವರ್ಷ ನಮ್ಮ ಹೊಲ ರಸ್ತೆಗೆ ಹೋಗುವುದೆಂದು ತೀರ್ಮಾನವಾಯಿತು. ಬೆಳೆ ಕಿತ್ತ ಕೂಡಲೇ ಬುಲ್ಡೋಜರ್ ಬರುವುದಿತ್ತು. ಬೇಸಿಗೆ ಮುಗಿಯುವಷ್ಟರಲ್ಲಿ ಮೇಡಂ ನಿವೃತ್ತಿಯೂ ಇತ್ತು. ಆ ಗಿಡ ಸಿಕ್ಕರೆ ಈ ಸಲ, ಇಲ್ಲದಿದ್ದರೆ ಇಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಆ ಸಲ ಕೂಲಿಗೆ ಮಲ್ಲಮ್ಮ ಎಂಬಾಕೆ ಬಂದಳು. ಯಾದಗಿರಿಯ ಕಡೆಯವಳು, ಗಂಡನ ಜೊತೆ ಗಾಜಿನ ಕಟ್ಟಡ ಕಟ್ಟಲು ಬಂದವಳು. ಬಸುರಿಯಾದ ಮೇಲೆ ಸಿಮೆಂಟು ಹೊರಲಾಗದೆಂದು ಗುತ್ತಿಗೆದಾರ ಕೈಬಿಟ್ಟಿದ್ದ. ಕನ್ನಡ ಕೇಳಿದ್ದೇ ಮೇಡಂ ಕರಗಿಬಿಟ್ಟರು. ಕೂತು ಮಾಡುವ ಹಗುರ ಕೆಲಸ ಅವಳಿಗೆ. ಮಧ್ಯಾಹ್ನ ಆಗುತ್ತಲೇ, “ಬಸುರಿ ಹೆಂಗಸು ಬಿಸಲಾಗ ನಿಲ್ಲಬಾರದು, ನಡೀ ಗಿಡದ ಬುಡಕ್ಕ” ಎಂದು ಬೇವಿನ ಮರದ ಕೆಳಗೆ ಅಟ್ಟುತ್ತಿದ್ದರು. ತಾವು ತಂದ ಮಜ್ಜಿಗೆಯಲ್ಲಿ ಅರ್ಧ ಅವಳಿಗೆ. ನನಗೆ ಅದುವರೆಗೆ ಒಂದು ಗುಟುಕೂ ಕೊಟ್ಟವರಲ್ಲ!

ಒಂದು ಗಿಡ, ಬದುವಿನ ಪಕ್ಕದ್ದು, ಎಲ್ಲಕ್ಕಿಂತ ಮೊದಲು ಹೂ ಬಿಟ್ಟಿತು. ಮೇಡಂ ಅದಕ್ಕೆ ಕೆಂಪು ದಾರ ಕಟ್ಟಿದರು. ಮಲ್ಲಮ್ಮ ಕೇಳಿದಳು, “ಇದಕ್ಕ ಯಾಕ್ರಿ ಅಮ್ಮಾರ ದಾರ?”

“ಇಕಿ ಮೊದಲ ಬಸುರಾಗ್ಯಾಳವಾ. ಈ ಬಿಸಲಾಗ ಹೊಟ್ಟ್ಯಾಗಿಂದು ಉಳಿಸಿಕೊಂಡ್ಳಂದ್ರ ನನ್ನ ಜನ್ಮ ಸಾರ್ಥಕ.”

ಮೇಡಂ ತಮಾಷೆಗೆ ಅಂದ ಮಾತೂ ಹೌದು, ಮನಸ್ಸಿನಿಂದ ಅಂದ ಮಾತೂ ಹೌದು. ಅಂದು ಮರೆತರು.

ಬಿಸಿಲು ಏರಿತು. ಸಾಲು ಸಾಲಾಗಿ ಹೂ ಉದುರಿದವು. ದಿನಾ ಬೆಳಿಗ್ಗೆ ಉದುರಿದ ಹೂಗಳನ್ನು ಆರಿಸುವಾಗ ಮೇಡಂ ಮುಖ ನೋಡಲು ನನಗೆ ಧೈರ್ಯವಾಗುತ್ತಿರಲಿಲ್ಲ. ಕೆಂಪು ದಾರದ ಗಿಡ ಮಾತ್ರ ಹೂ ಬಿಡಲಿಲ್ಲ, ಅಂದರೆ ಬಿಟ್ಟ ಹೂವನ್ನು ಕೈಬಿಡಲಿಲ್ಲ. ಕಾಯಿ ಕಟ್ಟಿತು. ಕಾಯಿ ತುಂಬಿತು. ಮೇಡಂ ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ, “ಜೊಳ್ಳಲ್ಲ ತಂಗಿ, ಜೊಳ್ಳಲ್ಲ!” ಎಂದು ಕೂಗಿದರು. ಆ ಸಂಜೆ ಬಸ್ಸಿನಲ್ಲಿ ನನಗೆ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟರು. ಕಾಚಿಗೂಡದ ಹೋಟೆಲಿನಲ್ಲಿ ಜಿಲೇಬಿ ಕೊಡಿಸಿದರು. ಸ್ಟೇಶನ್ನಿನಿಂದ ನಮ್ಮ ಕಡೆಯ ಗಾಡಿ ಹೊರಟ ಸೀಟಿ ಕೇಳಿತು. ಆ ಸೀಟಿ ಕೇಳಬೇಕೆಂದೇ ಅವರು ಕಾಚಿಗೂಡ ಬಿಟ್ಟು ಬೇರೆ ಕಡೆ ಮನೆ ಮಾಡಿರಲಿಲ್ಲ. “ರಿಟೈರ್ ಆಗಿ ಊರಿಗೆ ಹೋದ್ರ ಬರಿಗೈಲೆ ಹೋಗೂದಿಲ್ಲ ಬಿಡು” ಎಂದರು. ಅಷ್ಟು ಖುಷಿಯ ಮೇಡಂ ಅವರನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ.

ಆಮೇಲೆ ಸ್ವಲ್ಪ ದಿನಕ್ಕೆ ಅದು ಗೊತ್ತಾಯಿತು. ಮಧ್ಯಾಹ್ನ ಊಟದ ಹೊತ್ತಿಗೆ ನಾವಿಬ್ಬರೂ ಲ್ಯಾಬಿಗೆ ಹೋಗಿಬಿಡುತ್ತಿದ್ದೆವು. ಅವತ್ತು ಮೇಡಂ ಕನ್ನಡಕ ಹೊಲದ ಬದುವಿನ ಮೇಲೆ ಉಳಿದಿತ್ತು, ತರಲು ತಿರುಗಿ ಬಂದೆವು. ದೂರದಿಂದಲೇ ಬಣ್ಣ ಕಂಡಿತು. ಕೆಂಪು ದಾರದ ಗಿಡದ ಸುತ್ತ ನಾಲ್ಕು ತೊಗರಿ ಕಟ್ಟಿಗೆ, ಮೇಲೆ ಹಳೆಯ ಸೀರೆಯ ತುಂಡು, ಪುಟ್ಟ ಹಂದರ. ಪಕ್ಕದಲ್ಲಿ ಮಲ್ಲಮ್ಮ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು. ಗಿಡದ ಬುಡದಲ್ಲಿ ರೊಟ್ಟಿಯ ಚೂರು, ನೀರು ಚೆಲ್ಲಿದ ಒದ್ದೆ.

“ಏನವಾ ಇದು!” ನಾನು ಕಿರುಚಿದೆ.

“ನೆರಳ್ರಿ ಅಕ್ಕಾರ.”

“ಯಾರ್ ಹೇಳಿದ್ರು ನಿನಗ?”

“ಯಾರ್ ಹೇಳಬೇಕ್ರಿ? ಅಮ್ಮಾರ ಅಂದ್ರಲ್ರಿ, ಬಸುರಿ ಐತಿ ಅಂತ. ಬಸುರಿ ಬಿಸಲಾಗ ನಿಲ್ಲಬಾರದು ಅಂತ ನನ್ನ ಗಿಡದ ಬುಡಕ್ಕ ಕಳಸ್ತಾರ. ಇದು ಎಲ್ಲಿಗೆ ಹೋಗಬೇಕ್ರಿ? ಇದಕ್ಕ ಕಾಲಿಲ್ಲ.”

ನಮ್ಮ ಕಡೆಯವರಿಗೆ ಹೊಲ ಗೊತ್ತಿದ್ದರೆ ಇದೂ ಗೊತ್ತು. ಸೀಗಿ ಹುಣ್ಣಿಮೆಗೆ ತೆನೆ ಹೊತ್ತ ಬೆಳೆಯನ್ನು ಬಸುರಿ ಎಂದು ಪೂಜಿಸುತ್ತಾರೆ. ಬುತ್ತಿ ಕಟ್ಟಿಕೊಂಡು ಹೋಗಿ, ಬಯಕೆಯ ಊಟವೆಂದು ಅದನ್ನೇ ಹೊಲದ ತುಂಬ ಎರಚಿ ಚರಗ ಚೆಲ್ಲುತ್ತಾರೆ. ಮಲ್ಲಮ್ಮ ಮಾಡಿದ್ದು ಅದನ್ನೇ. ಆದರೆ ನನ್ನ ಮೈ ಉರಿದುಹೋಯಿತು. ಇಡೀ ಜನ್ಮದ ಕೆಲಸ ಸೀರೆಯ ತುಂಡಿನ ಕೆಳಗೆ ಹೋಯಿತಲ್ಲ ಎಂದು ಬಾಯಿಗೆ ಬಂದಂತೆ ಬೈದೆ. ನೆರಳು ಬೇಡವೆಂದು ಎಲ್ಲರಿಗೂ ಹೇಳಿದ್ದು ನಿನಗೆ ಕೇಳಲಿಲ್ಲವೇ, ಕಣ್ಣು ಎಲ್ಲಿಟ್ಟಿದ್ದಿ ಎಂದೆಲ್ಲ.

“ಸುಮ್ನಿರು,” ಎಂದರು ಮೇಡಂ. ನನಗೆ.

ಅವರು ಬದುವಿನ ಮೇಲೆ ಕುಕ್ಕರಿಸಿದರು. ಸೀರೆಯ ತುಂಡನ್ನು ಎತ್ತಿ ಒಳಗೆ ನೋಡಿದರು. “ಯಾವಾಗಿನಿಂದವಾ?”

“ಹೂ ಬಿಟ್ಟಾಗಿಂದರಿ. ನೀವು ಊಟಕ್ಕ ಹೋದಾಗ ಕಟ್ತೀನಿ, ನೀವು ಬರೂದ್ರಾಗ ಬಿಚ್ಚತೀನಿ. ಬಾಕಿ ಗಿಡಕ್ಕ ನೆರಳಾಗಬಾರದು ಅಂತ ಸಣ್ಣ ಹರಕ ಹಾಕೀನ್ರಿ.”

“ದಿನಾ ಚರಗ ಚೆಲ್ತೀ?”

“ಉಣ್ಣೂಕಿಂತ ಮೊದಲ ಒಂದು ತುತ್ತು ರೀ. ಒಂದು ಬೊಗಸಿ ನೀರು.” ಆಮೇಲೆ ಅವಳಿಗೆ ನಮ್ಮ ಮುಖ ನೋಡಿ ಏನೋ ಆಗಬಾರದ್ದು ಆಗಿದೆ ಎಂದು ಹೊಳೆಯಿತು. “ಕೇಡು ಮಾಡಿದ್ನೇನ್ರಿ ಅಮ್ಮಾರ?” ಎಂದು ಅಳತೊಡಗಿದಳು.

“ಇಲ್ಲವಾ. ತಪ್ಪು ನಂದು. ಬಸುರಿ ಅಂದಾಕಿ ನಾನ. ಬಸುರಿ ಅಂದ ಮ್ಯಾಲೆ ನಮ್ಮ ಕಡೆ ಹೆಣ್ಣುಮಗಳು ಸುಮ್ಮನ ಕುಂದರ್ತಾಳೇನು? ನೀ ಮಾಡೂದು ನೀ ಮಾಡೀದಿ. ಈಗ ನಾ ಮಾಡೂದು ನಾ ಮಾಡಬೇಕು.”

ಹಾಗೆಂದು ಬಾಗಿ, ಗಿಡದ ಕೆಂಪು ದಾರದ ಗಂಟು ಬಿಚ್ಚಿದರು. ಗಂಟು ಬೇಗ ಬಿಚ್ಚಲಿಲ್ಲ. ನಾನು ಕೈ ಚಾಚಿದೆ, ಬೇಡ ಎಂದರು. ದಾರ ತೆಗೆದರೆ ಆ ಗಿಡ ನಮ್ಮ ಲೆಕ್ಕದಲ್ಲಿ ಇಲ್ಲ ಎಂದರ್ಥ. ಮಲ್ಲಮ್ಮ ಅವಸರವಾಗಿ ಹಂದರ ಕಿತ್ತು ಕಂಕುಳಿಗೆ ಇಟ್ಟುಕೊಂಡಳು. ಮತ್ತೆ, ಮೂಗು ಒರೆಸಿಕೊಂಡು, “ಆ ದಾರ ನನಗ ಕೊಡ್ತೀರೇನ್ರಿ?” ಎಂದಳು. ಮೇಡಂ ಕೊಟ್ಟರು. ಅವಳು ಅದನ್ನು ಮುಂಗೈಗೆ ಕಟ್ಟಿಕೊಂಡಳು. ಮಳೆಗಾಲಕ್ಕೆ ಮೊದಲೇ ಹೆಣ್ಣು ಹೆತ್ತು, ಕೂಸು ಕಟ್ಟಿಕೊಂಡು ಊರಿಗೆ ಹೋದಳು. ಬಾಣಂತಿಗೆಂದು ಸರಕಾರಿ ದವಾಖಾನೆಗೆ ಅಂಟಿನುಂಡೆ ಒಯ್ದದ್ದು ಮೇಡಂ, ಡಬ್ಬಿ ಹೊತ್ತದ್ದು ನಾನು.

ಮುಖ್ಯಸ್ಥರಿಗೆ ಸುದ್ದಿ ಮುಟ್ಟಿತು. ಒಳ್ಳೆಯ ಮನಸ್ಸಿನಿಂದಲೇ ಅವರು ಮೇಡಂ ಅವರನ್ನು ಕರೆದು ಕೂರಿಸಿ, ಮಧ್ಯಾಹ್ನ ಒಂದಿಷ್ಟು ಹೊತ್ತಿನ ನೆರಳಿನಿಂದ ಏನಾದೀತು, ಉಳಿದ ಹೊತ್ತೆಲ್ಲ ಬಿಸಿಲಲ್ಲೇ ಇತ್ತಲ್ಲ, ವರದಿಯಲ್ಲಿ ಸೇರಿಸಿ, ನಿಮ್ಮ ಹೆಸರಿನಲ್ಲಿ ಒಂದು ಗಿಡವಾದರೂ ಉಳಿಯಲಿ ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಹೂಂ ಅನ್ನಿ ಮೇಡಂ, ಹೂಂ ಅನ್ನಿ ಎಂದು ಮನಸ್ಸಿನಲ್ಲೇ ಜಪ.

“ಏನಾದೀತು ಅನ್ನೋದು ನನಗ ಗೊತ್ತಿಲ್ಲ ಸರ್,” ಎಂದರು ಮೇಡಂ. “ಗಿಡದ ತಾಕತ್ತೋ, ಸೀರೀ ತಾಕತ್ತೋ? ಗೊತ್ತಿಲ್ಲದ್ದನ್ನ ಹೆಂಗ ಬರೀಲಿ?”

ಬೀಳ್ಕೊಡುಗೆಯ ದಿನ ಶಾಲು, ಗಂಧದ ಹಾರ, ಸೂಟ್‌ಕೇಸು ಎಲ್ಲ ಬಂದವು. ನಾಲ್ಕು ಮಾತಾಡಿ ಎಂದಾಗ ಮೇಡಂ ಎದ್ದು, “ಈ ವರ್ಷ ನಮಗೆ ಯಾವ ಗಿಡವೂ ಸಿಗಲಿಲ್ಲ. ಹುಡುಕುವವರು ಮುಂದೆ ಹುಡುಕಲಿ. ದಯವಿಟ್ಟು ಛತ್ರಿ ಹಿಡಿಯಬೇಡಿ” ಎಂದು ಕೂತರು. ಜನ ತಮಾಷೆಯೆಂದು ಚಪ್ಪಾಳೆ ತಟ್ಟಿದರು. ನನಗೆ ಸಿಟ್ಟು, ಅಳು ಎರಡೂ. ದಾರಿಯಲ್ಲಿ ಜಗಳಕ್ಕೇ ಬಿದ್ದೆ.

“ಖರೇನ ಗಟ್ಟಿ ಗಿಡ ಇದ್ದಿರಬಹುದಲ್ರಿ ಮೇಡಂ?”

“ಇದ್ದಿರಬಹುದು. ಯಾರ್ ಇಲ್ಲ ಅಂದ್ರು? ಅದಕ್ಕ ಇನ್ನೊಂದು ಬ್ಯಾಸಗಿ ಬೇಕು.”

“ಹೊಲಾನ ಇಲ್ಲಲ್ರಿ.”

ಅವರು ಸೆರಗಿನ ತುದಿಯ ಗಂಟು ತೋರಿಸಿದರು. ಆ ಗಿಡದ ಕಾಳು. ಲೆಕ್ಕಕ್ಕಿಲ್ಲದ ಕಾಳು ಒಯ್ಯಲು ಮುಖ್ಯಸ್ಥರನ್ನು ಕೇಳಿಯೇ ತಂದಿದ್ದರು. “ಹೊಲ ಇಲ್ಲ. ಮಾಳಿಗಿ ಐತಿ” ಎಂದರು.

ಮುಂದಿನ ವರ್ಷ ಸಂಕ್ರಾಂತಿ ಕಳೆದ ಮೇಲೆ ಕಾಚಿಗೂಡದ ಮಾಳಿಗೆಯ ಮೇಲೆ ಎಣ್ಣೆ ಡಬ್ಬಿಗಳಲ್ಲಿ ಬಿತ್ತಿದರು. ಪಕ್ಕದ ಮನೆಯವರು ಬಟ್ಟೆ ಒಣಹಾಕುವ ಹಗ್ಗ ಆ ಕಡೆ ಕಟ್ಟಿದರೆ ಇವರು ಜಗಳ. ಸೀರೆಯ ನೆರಳು ಬೀಳುತ್ತದಲ್ಲ! ವಾರಕ್ಕೊಮ್ಮೆ ಫೋನ್ ಮಾಡುವರು. ಮೊಳಕೆ ಬಂತು. ಮೊಗ್ಗು ಬಂತು. “ಹೂ ಬಿಟ್ಟಾವ ತಂಗಿ. ಹಿಡಕೊಂಡು ನಿಂತಾವ.” ಆ ದನಿ ಕೇಳಿ ನಾನೂ ಮನೆಯ ದೇವರಿಗೆ ಎಣ್ಣೆ ಹಾಕತೊಡಗಿದೆ. ಮೈದುನ ಕೇಳಿದರೆ, ನಿನ್ನ ಪ್ರಮೋಶನ್ನಿಗೆ ಎಂದೆ.

ಆಮೇಲೆ ಫೋನ್ ಬರಲಿಲ್ಲ. ಒಂದು ವಾರ ಕಾದು, ಒಂದು ರವಿವಾರ ನಾನೇ ಹೋದೆ. ನಡುಮಧ್ಯಾಹ್ನ, ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಕೆಳಗೆ ಅವರ ತಂಗಿ, “ಮ್ಯಾಲೆ ಅದಾಳ ನೋಡ್ರಿ, ಊಟಕ್ಕೂ ಬರವಲ್ಲಳು” ಎಂದರು. ಮೆಟ್ಟಿಲು ಹತ್ತಿ ಹೋದೆ. ಹೋದವಳು ಅಲ್ಲೇ ನಿಂತುಬಿಟ್ಟೆ.

ಮೇಡಂ ಬರಿತಲೆಯಲ್ಲಿ ಬಿಸಿಲಿಗೆ ನಿಂತಿದ್ದರು. ಕೈಯಲ್ಲಿ ಬಿಚ್ಚಿದ ಕರಿ ಛತ್ರಿ. ತಮ್ಮ ತಲೆಯ ಮೇಲಲ್ಲ, ಡಬ್ಬಿಗಳ ಮೇಲೆ ಬಾಗಿಸಿ ಹಿಡಿದಿದ್ದರು. ಡಬ್ಬಿಗಳ ಸುತ್ತ ಉದುರಿದ ಹೂಗಳು ಒಣಗಿ ಬಿದ್ದಿದ್ದವು. ಗಿಡದ ಮೇಲೆ ಹೂವೂ ಇಲ್ಲ, ಕಾಯಿಯೂ ಇಲ್ಲ.

“ಮೇಡಂ! ನೀವಾ? ಛತ್ರಿ?”

ತಿರುಗಿ ನೋಡಿದರು. ಕಣ್ಣು ಕೆಂಪಾಗಿದ್ದವು.

“ಸೀರೀ ತಾಕತ್ತ ತಂಗಿ,” ಎಂದರು. “ಗಿಡದ್ದಲ್ಲ. ಮಲ್ಲಮ್ಮನ ಸೀರೀದು. ಈಗ ಸಾಫ್ ಗೊತ್ತಾತು.”

“ಮತ್ತ ಈಗ ನೆರಳು ಯಾಕ್ರಿ?” ಎಂದೆ, ದಡ್ಡಿಯ ಹಾಗೆ.

“ಪರೀಕ್ಷಾ ಮುಗೀತಲ್ಲವಾ. ಇನ್ನ್ಯಾಕ ಸುಡಸಬೇಕು ಇವನ್ನ?”

ಅವರ ಕೈ ಸೋತು ಛತ್ರಿ ಅಲ್ಲಾಡುತ್ತಿತ್ತು. ಕೊಡ್ರಿ ಮೇಡಂ, ಜರಾ ನಾ ಹಿಡೀತೀನಿ ಎಂದೆ. ಕೊಟ್ಟರು. ಹೋದ ಮೇ ತಿಂಗಳಲ್ಲಿ ಅಂಗಳದಲ್ಲಿ ನಾನು ಹಿಡಿದು ನಿಂತದ್ದೂ ಅದೇ ಛತ್ರಿ.